ಹೆಣ್ಣು ನೋಡಲು ಸರ್ಕಾರಿ ತೋಟಕ್ಕೆ

ಹನ್ನೊಂದನೆಯ ಗಂಡಿನ ಕಡೆಯವರು ನಮ್ಮ ಮನೆಯ ಉಪ್ಪಿಟ್ಟು, ಕೇಸರಿಬಾತು ತಿಂದು, ಕೈತೊಳೆದು, "ತಿಳಿಸ್ತೀವಿ" ಎಂದು ಹೋದವರು ಏನನ್ನೂ ತಿಳಿಸಲಿಲ್ಲ. ತಿಂಗಳು ಕಾದ ಮೇಲೆ ನಾನು, ಇನ್ನು ಮುಂದೆ ತಟ್ಟೆ ಹಿಡಿದುಕೊಂಡು ನಡುಮನೆಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಎರಡು ಸಾವಿರದ ಇಸವಿ ಬಂದು ನಾಲ್ಕೈದು ವರ್ಷವಾಗಿತ್ತು. ಚಂದ್ರಾ ಲೇಔಟಿನಲ್ಲಿ ನಮ್ಮ ಮನೆ, ವಿಜಯನಗರದ ಒಂದು ಪ್ರೌಢಶಾಲೆಯಲ್ಲಿ ನನ್ನ ಗಣಿತದ ಪಾಠ. ನನಗೆ ಇಪ್ಪತ್ತೆಂಟು. ಅತ್ತೆಯ ಪ್ರಕಾರ ಇಪ್ಪತ್ತೈದು. ಅವರ ಪ್ರಕಾರ ಮೂರು ವರ್ಷದಿಂದಲೂ ಇಪ್ಪತ್ತೈದೇ.

ಅತ್ತೆ ಎಂದರೆ ಅಪ್ಪನ ಅಕ್ಕ. ರಾಜಾಜಿನಗರದಲ್ಲಿ ಅವರ ಮನೆ. ಊರಿನಲ್ಲಿ ಎಲ್ಲಿ ಮದುವೆಯಾಗದ ಜೀವವಿದ್ದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ನನ್ನ ಮಾತು ಕೇಳಿ ಮಾರನೆಯ ದಿನವೇ ಬಸ್ಸು ಹತ್ತಿ ಬಂದರು.

"ತಟ್ಟೆ ಹಿಡಿಯಲ್ವಂತೆ. ಹೋಗ್ಲಿ ಬಿಡು. ಈಗೆಲ್ಲ ಹೊರಗಡೆನೇ ನೋಡ್ತಾರಂತೆ ಕಣೇ. ಹೋಟ್ಲಲ್ಲಿ, ದೇವಸ್ಥಾನದಲ್ಲಿ."

"ಹೋಟ್ಲು ಬೇಡ ಅಕ್ಕ, ಅಲ್ಲಿ ಎಲ್ಲಾರೂ ನೋಡ್ತಾರೆ," ಎಂದರು ಅಪ್ಪ.

"ದೇವಸ್ಥಾನಾನೂ ಬೇಡ," ಎಂದೆ ನಾನು. "ಬೇಡ ಅನ್ನೋಕೆ ದೇವ್ರ ಮುಂದೆ ಸಂಕೋಚ ಆಗತ್ತೆ."

ಅತ್ತೆ ಒಂದು ಕಾಫಿ ಮುಗಿಯುವಷ್ಟು ಹೊತ್ತು ಯೋಚಿಸಿ, "ತೋಟ," ಎಂದರು. ಕೆಂಗೇರಿಯ ಆಚೆಗೆ ಸರ್ಕಾರದ್ದೊಂದು ದೊಡ್ಡ ತೋಟವಿತ್ತು. ಅದರ ಹೆಸರು ಬರೆಯುವುದಿಲ್ಲ. ಅಲ್ಲಿ ನಡೆದದ್ದರಲ್ಲಿ ನಮ್ಮ ಕಡೆಯ ತಪ್ಪೇ ಹೆಚ್ಚು. ಹುಡುಗನ ಮನೆ ಕೆಂಗೇರಿ ಉಪನಗರ, ಆದ್ದರಿಂದ ಅವರಿಗೂ ಹತ್ತಿರ. ಯುಗಾದಿ ಕಳೆದ ಮೊದಲ ಭಾನುವಾರ, ಹತ್ತು ಗಂಟೆಗೆ, ಎರಡೂ ಕಡೆಯವರು ಹೂವು ನೋಡಲು ಬಂದಂತೆ ಬರಬೇಕು, ಆಕಸ್ಮಿಕವಾಗಿ ಭೇಟಿಯಾಗಬೇಕು, ಒಟ್ಟಿಗೆ ಊಟ ಮಾಡಬೇಕು. ಯಾರಿಗೂ ಮುಜುಗರವಾಗಬಾರದು. ಇದು ಅತ್ತೆಯ ಏರ್ಪಾಡು.

ಹುಡುಗ ನಾಯಂಡಹಳ್ಳಿಯ ಊದುಬತ್ತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬತ್ತಿಗೆ ಹಚ್ಚುವ ಸುಗಂಧವನ್ನು ಮೂಸಿ ನೋಡಿ ಸರಿಯಿದೆ, ಇಲ್ಲ ಎಂದು ಹೇಳುವುದು ಅವನ ಕೆಲಸ. "ಮೂಸಿದ್ದಕ್ಕೂ ಸಂಬಳ ಕೊಡ್ತಾರಾ?" ಎಂದು ಅಮ್ಮ ಕೇಳಿದರು. "ಪರ್ಮನೆಂಟು," ಎಂದರು ಅತ್ತೆ. ಅಮ್ಮ ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಗುರುತು ಹಾಕಿದರು.

ಭಾನುವಾರ ಅಮ್ಮ ಐದಕ್ಕೇ ಎದ್ದು ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಕೋಸಂಬರಿ ಮಾಡಿದರು. ಅತ್ತೆ ನನ್ನ ಜಡೆಗೆ ಒಂದು ಮೊಳ ಮಲ್ಲಿಗೆ ಸಾಲದೆಂದು ಎರಡು ಮೊಳ ಮುಡಿಸಿದರು. "ಚಿತ್ರಾನ್ನ ನೀನೇ ಮಾಡಿದ್ದು ಅನ್ನು," ಎಂದು ಬಾಗಿಲಲ್ಲಿ ಒಂದು ಸಲ, ಬಸ್ಸಿನಲ್ಲಿ ಮೂರು ಸಲ ಹೇಳಿದರು. ಮೈಸೂರು ರಸ್ತೆಯನ್ನು ಆ ವರ್ಷ ಯಾವುದಕ್ಕೋ ಅಗೆದಿದ್ದರು. ಕೆಂಗೇರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವಷ್ಟರಲ್ಲಿ ಅತ್ತೆಯ ಮುಖದ ಪೌಡರ್ ಯಾವುದು, ರಸ್ತೆಯ ಧೂಳು ಯಾವುದು ಎಂದು ಹೇಳುವ ಹಾಗಿರಲಿಲ್ಲ.

ತೋಟ ಮಾತ್ರ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಎಲೆಯೆಲ್ಲ ಉದುರಿಸಿಕೊಂಡ ಮರಗಳು ತುದಿಯವರೆಗೂ ಹಳದಿ ಹೂವು ಹೊತ್ತು ನಿಂತಿದ್ದವು. ಹೊಂಗೆಯ ಕೆಳಗೆ ಯಾರೋ ಕಡಲೆಪುರಿ ಚೆಲ್ಲಿದ ಹಾಗೆ ಹೂವು ಬಿದ್ದಿತ್ತು. ದಾರಿಯ ಎರಡೂ ಪಕ್ಕ ಕೆಂಪು ಜರ್ಬೆರಾ ಪಾತಿಗಳು. ಹತ್ತು ಹೆಜ್ಜೆಗೊಂದು ಬೋರ್ಡು: ಹೂವು ಕೀಳಬಾರದು, ಹುಲ್ಲು ತುಳಿಯಬಾರದು, ಅಸಭ್ಯವಾಗಿ ವರ್ತಿಸಬಾರದು. ಅಪ್ಪ ಒಂದೊಂದನ್ನೂ ನಿಂತು ಪೂರ್ತಿ ಓದಿಯೇ ಮುಂದೆ ಹೋಗುತ್ತಿದ್ದರು. ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಗೋಡೆಯ ಮೇಲೆ ಬರೆದದ್ದನ್ನೆಲ್ಲ ತಮಗೇ ಹೇಳಿದ್ದೆಂದು ತಿಳಿಯುವ ಅಭ್ಯಾಸ ಅವರಿಗೆ ಅಲ್ಲಿಂದ ಬಂದದ್ದು.

ದೊಡ್ಡದೊಂದು ಹೊಂಗೆ ಮರದ ಕೆಳಗೆ ಹುಡುಗನೂ ಅವನ ತಾಯಿಯೂ ಕೂತಿದ್ದರು. ಅವನ ತಂದೆಗೆ ಮಂಡಿನೋವು, ಬಂದಿರಲಿಲ್ಲ. ಅತ್ತೆ ಎರಡು ಕೈಗಳನ್ನೂ ಕೆನ್ನೆಗೆ ಒತ್ತಿಕೊಂಡು, "ಅಯ್ಯೋ! ನೀವಿಲ್ಲಿ!" ಎಂದು ಕೂಗಿದರು.

ಹುಡುಗನ ತಾಯಿ ಗಾಬರಿಯಾದರು. "ಯಾಕೆ? ನೀವೇ ಅಲ್ವಾ ಹತ್ತು ಗಂಟೆಗೆ ಬನ್ನಿ ಅಂದಿದ್ದು?"

ಆಕಸ್ಮಿಕ ಭೇಟಿ ಅಲ್ಲಿಗೆ ಮುಗಿಯಿತು. ಎಲ್ಲರೂ ಜಮಖಾನೆಯ ಮೇಲೆ ಕೂತೆವು. ಅಪ್ಪ ಬಿಸಿಲಿನ ಬಗ್ಗೆ ಮಾತಾಡಿದರು. ಹುಡುಗನ ತಾಯಿ ಮಂಡಿನೋವಿನ ಬಗ್ಗೆ ಮಾತಾಡಿದರು. ಹುಡುಗ ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಮೂಗು ಕೆಂಪಗಾಗಿತ್ತು. ಅತ್ತಿದ್ದಾನೇನೋ ಅಂದುಕೊಂಡೆ. ನನ್ನನ್ನು ನೋಡುವ ಮೊದಲೇ ಅತ್ತವರು ಆವರೆಗೆ ಯಾರೂ ಇರಲಿಲ್ಲ.

"ಸರಿ, ಒಳ್ಳೇ ಗಳಿಗೆ. ವಿಷಯಕ್ಕೆ ಬರೋಣ," ಎಂದರು ಅತ್ತೆ.

ಹುಡುಗ ಸೀನಿದ.

ಒಂದೇ ಒಂದು ಸೀನು. ಅಮ್ಮ ಕೋಸಂಬರಿಯ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಶುಭಮಾತಿಗೆ ಒಂಟಿ ಸೀನು ಆಗದು, ಜೋಡಿ ಸೀನಾದರೆ ಅಡ್ಡಿಯಿಲ್ಲ. ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು.

"ಇನ್ನೊಂದು ಸೀನಪ್ಪಾ," ಎಂದರು ಅತ್ತೆ, ನೀರು ಕೇಳುವಷ್ಟು ಸಹಜವಾಗಿ.

ಅವನು ಪ್ರಯತ್ನಪಟ್ಟ. ಮುಖ ಮೇಲೆತ್ತಿದ, ಕಣ್ಣು ಕಿರಿದು ಮಾಡಿದ, ಬಾಯಿ ತೆರೆದ. ನಾವು ಐದು ಜನ ಆ ಬಾಯನ್ನೇ ನೋಡುತ್ತಾ ಕೂತೆವು. ಬರಲಿಲ್ಲ. "ಬಂತು, ಬಂತು... ಹೋಯ್ತು," ಎಂದ ಅವನು ಸೋತ ದನಿಯಲ್ಲಿ. "ಪರ್ವಾಗಿಲ್ಲ, ನಿಧಾನಕ್ಕೆ ಬರ್ಲಿ," ಎಂದರು ಅಪ್ಪ. ಸ್ವಲ್ಪ ಹೊತ್ತಿಗೆ ಬಂತು, ಆದರೆ ಒಟ್ಟಿಗೆ ಎರಡು.

"ಮೂರಾಯ್ತು," ಎಂದರು ಅತ್ತೆ, ಮುಖ ಬಾಡಿಸಿಕೊಂಡು.

"ಬೆಸ ಸಂಖ್ಯೆ," ಎಂದೆ ನಾನು. ಗಣಿತದ ಮೇಷ್ಟರಿಗೆ ಬಾಯಿ ತಡೆಯುವುದಿಲ್ಲ. ಹುಡುಗ ಮೊದಲ ಸಲ ನನ್ನ ಕಡೆ ನೋಡಿದ. ನೋಡಿದವನೇ ನಾಲ್ಕನೆಯದನ್ನು ಸೀನಿದ.

"ಸರಿಹೋಯ್ತು! ಇಬ್ರೂ ಎದ್ದು ಹೋಗಿ ಮಾತಾಡ್ಕೊಂಡು ಬನ್ನಿ," ಎಂದು ಅತ್ತೆ ನಮ್ಮನ್ನು ಓಡಿಸಿದರು, ಐದನೆಯದು ಬರುವ ಮುಂಚೆ.

ಇಬ್ಬರೂ ಜರ್ಬೆರಾ ಪಾತಿ ದಾಟಿ, ದಾಸವಾಳದ ಬೇಲಿಯ ಹಿಂದಿದ್ದ ಕಲ್ಲುಬೆಂಚಿನ ಮೇಲೆ ಕೂತೆವು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದೆವು.

"ನೆಗಡೀನಾ?" ಎಂದೆ.

"ಅಲ್ಲ. ಹೂವು. ಈ ಕಾಲದಲ್ಲಿ ಪ್ರತಿ ವರ್ಷ ಹಿಂಗೇ."

"ಮತ್ತೆ ಫ್ಯಾಕ್ಟರೀಲಿ ದಿನಾ ಮೂಸ್ತೀರಲ್ಲ?"

"ಅಲ್ಲಿ ಏನೂ ಆಗಲ್ಲ. ಅಲ್ಲಿ ಹೂವೆಲ್ಲಿರತ್ತೆ? ಮಲ್ಲಿಗೆ, ಸಂಪಿಗೆ, ಗುಲಾಬಿ ಅಂತ ಬರೆದಿರ್ತೀವಿ. ಎಲ್ಲ ಡ್ರಮ್ಮಲ್ಲಿ ಬರೋದು. ನಿಜವಾದ ಹೂವು ಕಂಡ್ರೆ ಮಾತ್ರ ನನ್ ಮೂಗು ಕೇಳಲ್ಲ."

"ಹಾಗಾದ್ರೆ ತೋಟಕ್ಕೆ ಯಾಕೆ ಒಪ್ಕೊಂಡ್ರಿ?"

"ನಿಮ್ಮತ್ತೆಗೆ ಬೇಡ ಅಂತ ಹೇಳಿ ನೋಡಿದೀರಾ ನೀವು?"

ನನಗೆ ನಗು ಬಂತು. ಅವನೂ ನಗಲು ಹೋಗಿ ಸೀನಿದ. ಆಗ ಹೊಳೆಯಿತು, ನನ್ನ ಜಡೆಯಲ್ಲಿ ಎರಡು ಮೊಳ ಮಲ್ಲಿಗೆ ಇದೆ ಎಂದು. ಪಾಪ, ಅವನು ಗಾಳಿ ಬರುವ ಕಡೆಗೆ ಮುಖ ತಿರುಗಿಸಿ, ಬೆಂಚಿನ ತುದಿಗೆ ಸರಿದು, ಇನ್ನೇನು ಬೀಳುವಂತಿದ್ದ. ನಾನು ಮಲ್ಲಿಗೆ ಬಿಚ್ಚಿ, ನೆಲಕ್ಕೆ ಹಾಕಲು ಮನಸ್ಸು ಬಾರದೆ, ದಾಸವಾಳದ ರೆಂಬೆಗೆ ನೇತು ಹಾಕಲು ಕೈ ಚಾಚಿದೆ.

ಸರಿಯಾಗಿ ಆಗಲೇ ಸೀಟಿ ಊದಿದ ಸದ್ದು. ಬೇಲಿಯ ಸಂದಿಯಿಂದ ಕಾವಲುಗಾರ ಬಂದ. ಐವತ್ತರ ಆಸುಪಾಸು, ಖಾಕಿ ಅಂಗಿ, ಕೈಯಲ್ಲಿ ಕೋಲು. ಮಾತಿನಿಂದ ಉತ್ತರ ಕರ್ನಾಟಕದವನೆಂದು ತಿಳಿಯುತ್ತಿತ್ತು.

"ಏನ್ರವ್ವಾ, ಹೂವು ಕೀಳಬ್ಯಾಡ್ರಿ ಅಂತ ಬೋರ್ಡ್ ಹಾಕೇವಿ. ಓದಾಕ ಬರೂದಿಲ್ಲೇನು?"

"ಇದು ದಾಸವಾಳದ ಗಿಡ ಅಣ್ಣ. ದಾಸವಾಳದ ಗಿಡ ಮಲ್ಲಿಗೆ ಬಿಡತ್ತಾ? ಅದೂ ದಾರ ಹಾಕಿ ಕಟ್ಕೊಂಡು?"

ಅವನು ಮಲ್ಲಿಗೆಯನ್ನು ನೋಡಿದ, ಗಿಡವನ್ನು ನೋಡಿದ, ಆ ವಿಷಯವನ್ನು ಅಲ್ಲಿಗೇ ಬಿಟ್ಟು ಇನ್ನೊಂದು ಹಿಡಿದ. "ಜೋಡಿ ಜೋಡಿ ಮರ್ಯಾಗ ಕುಂದ್ರೂದು ಇಲ್ಲಿ ನಡಿಯಂಗಿಲ್ಲ. ದಿನಾ ನಿಮ್ಮಂಥವರನ್ನ ಓಡ್ಸೂದ ನನ್ ಕೆಲಸ ಆಗೇತಿ." ಹುಡುಗನ ಕಡೆ ತಿರುಗಿದ. "ಏ ತಮ್ಮಾ, ಈಕಿ ಯಾರು? ನಿನಗೇನಾಗ್ಬೇಕು?"

ಸುಮ್ಮನೆ ತಂಗಿ ಎನ್ನಬಹುದಿತ್ತು, ಹೆಂಡತಿ ಎನ್ನಬಹುದಿತ್ತು, ಹೆದರಿ ಓಡಲೂಬಹುದಿತ್ತು. ಅವನು ಮೂಗು ಒರೆಸಿಕೊಂಡು, ನಿಜವಾಗಿ ಯೋಚಿಸಿ, "ಇನ್ನೂ ಗೊತ್ತಿಲ್ಲ ಸಾರ್," ಎಂದ. "ಅದನ್ನೇ ಮಾತಾಡ್ತಾ ಇದ್ವಿ."

ಹನ್ನೊಂದು ಜನ ನನ್ನನ್ನು ನೋಡಿ ಹೋಗಿದ್ದರು. ಒಬ್ಬನ ಬಾಯಿಂದಲೂ ಇಷ್ಟು ನೇರವಾದ ಒಂದು ಮಾತು ಬಂದಿರಲಿಲ್ಲ. ಇವನಾದರೆ ಆಗಬಹುದು ಎಂದು ನನಗೆ ಅನ್ನಿಸಿದ್ದು ಆಗ, ಕೋಲು ಹಿಡಿದ ಕಾವಲುಗಾರನ ಎದುರಿನಲ್ಲಿ.

ಕಾವಲುಗಾರನಿಗೆ ಹಾಗೇನೂ ಅನ್ನಿಸಲಿಲ್ಲ. "ನಡೀರಿ ಗೇಟಿಗೆ. ಮನಿಗೆ ಫೋನ್ ಹಚ್ತೀನಿ," ಎಂದ.

"ಫೋನ್ ಯಾಕೆ ಅಣ್ಣ? ಮನೆಯವ್ರು ಅಲ್ಲೇ ಮರದ ಕೆಳಗಿದಾರೆ," ಎಂದೆ.

"ಎಲ್ಲಾರೂ ಹಂಗ ಹೇಳ್ತಾರವ್ವಾ," ಎಂದ. ಆದರೂ ಜೊತೆಗೆ ಬಂದ. ಅಷ್ಟರಲ್ಲಿ ಸೀಟಿಯ ಸದ್ದು ಕೇಳಿ ಅತ್ತೆಯೇ ಓಡಿ ಬರುತ್ತಿದ್ದರು, ಹಿಂದೆ ಉಳಿದವರೆಲ್ಲ.

"ನಾವೇ ಕಣಪ್ಪಾ ಕಳ್ಸಿದ್ದು! ಹೆಣ್ಣು ನೋಡೋಕೆ ಬಂದಿರೋದು!"

"ಹೆಣ್ಣು ನೋಡೂದು ಮನ್ಯಾಗ ಅಲ್ಲೇನ್ರಿ ಅಮ್ಮಾರ? ತ್ವಾಟದಾಗ ಯಾರ್ ನೋಡ್ತಾರ?"

ಅತ್ತೆ, ನೀನು ತಟ್ಟೆ ಹಿಡಿದಿದ್ದರೆ ಇದಾಗುತ್ತಿತ್ತೇ ಎನ್ನುವಂತೆ ನನ್ನ ಕಡೆ ಕೆಂಗಣ್ಣು ಬಿಟ್ಟರು. ಆಗ ಹುಡುಗನ ತಾಯಿ, ಪಾಪ ಒಳ್ಳೆಯ ಮನಸ್ಸಿನಿಂದಲೇ, "ನಂಬಿಕೆ ಇಲ್ದಿದ್ರೆ ನೋಡಿ, ಜಾತಕ ತಂದಿದೀನಿ," ಎನ್ನುತ್ತಾ ಬಟ್ಟೆ ಚೀಲಕ್ಕೆ ಕೈ ಹಾಕಿದರು. ಜಾತಕ ಬಂತು. ಅದರ ಒಂದು ಮೂಲೆ ಒದ್ದೆಯಾಗಿತ್ತು. ಅದರ ಹಿಂದೆಯೇ, ಒದ್ದೆ ಕರವಸ್ತ್ರದಲ್ಲಿ ಸುತ್ತಿದ, ಬೇರು ಮಣ್ಣು ಸಮೇತವಾದ ಒಂದು ಜರ್ಬೆರಾ ಗಿಡ ಜಾರಿ ಎಲ್ಲರ ಕಾಲ ಬಳಿ ಬಿತ್ತು. ಒಂದು ಕೆಂಪು ಹೂವೂ ಬಿಟ್ಟಿತ್ತು.

ಕಾವಲುಗಾರ ಬಗ್ಗಿ ಅದನ್ನು ಎತ್ತಿಕೊಂಡ. "ಇದು ಯಾರ ಜಾತಕ ರೀ?" ಎಂದ.

ಹಿಂದಿನಿಂದ ಒಂದು ವಿಚಿತ್ರ ಸದ್ದು ಬಂತು. ಅಪ್ಪ ನಗುತ್ತಿದ್ದರು. ಹನ್ನೊಂದು ಸಲ ನಡುಮನೆಯಲ್ಲಿ ಕೈಕಟ್ಟಿ ಕೂತಿದ್ದ ಮನುಷ್ಯ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗನ ತಾಯಿಯ ಮುಖ ಮಾತ್ರ ಕಪ್ಪಿಟ್ಟಿತು. "ದಾರಿ ಪಕ್ಕ ಬಿದ್ದಿತ್ತು," ಎಂದರು ಸಣ್ಣ ದನಿಯಲ್ಲಿ. "ಬೇರು ಸಮೇತ ಬಿದ್ದಿತ್ತೇನ್ರಿ?" ಎಂದ ಕಾವಲುಗಾರ.

ಅವನು ಕೆಟ್ಟವನಾಗಿರಲಿಲ್ಲ. ದಂಡ ಕೇಳಲಿಲ್ಲ, ಗೇಟಿಗೂ ಕರೆಯಲಿಲ್ಲ. ಎಲ್ಲಿಂದ ಕಿತ್ತಿರೋ ಅಲ್ಲೇ ನೆಡಬೇಕು, ಕಿತ್ತವರೇ ನೆಡಬೇಕು ಎಂದ, ಅಷ್ಟೇ. ಆ ತಾಯಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಪಾತಿಯ ಪಕ್ಕ ಕೂತರು. ಮಣ್ಣು ಗಟ್ಟಿಯಿತ್ತು. ಬೆರಳಿನಿಂದ ಕೆದಕಿದಷ್ಟೂ ಉಗುರಿಗೆ ಮಣ್ಣು ಸೇರುತ್ತಿತ್ತೇ ಹೊರತು ಗುಂಡಿಯಾಗುತ್ತಿರಲಿಲ್ಲ. ನಗು ಬರುತ್ತಲೇ ಇತ್ತಾದರೂ ನನಗೆ ನಿಂತು ನೋಡಲಾಗಲಿಲ್ಲ. ಅಮ್ಮನ ಚೀಲದಿಂದ ಚಿತ್ರಾನ್ನ ಬಡಿಸುವ ಸೌಟು ತೆಗೆದುಕೊಂಡು, ಅವರ ಪಕ್ಕ ಕೂತು ಗುಂಡಿ ತೋಡಿದೆ. ಮಗ ಬಾಟಲಿಯಿಂದ ನೀರು ಹಾಕಿದ, ಸೀನುತ್ತಾ. ಕಾವಲುಗಾರ ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ ತಲೆಯ ಮೇಲೆಯೇ ನಿಂತಿದ್ದ. "ಬೇರು ಪೂರಾ ಮುಚ್ಚ್ರಿ. ಹಾಂ, ಈಗ ಛಲೋ ಆತು."

ಅಮ್ಮ ಸೌಟು ತೊಳೆದು, ಅದರಲ್ಲೇ ಎಲ್ಲರಿಗೂ ಚಿತ್ರಾನ್ನ ಬಡಿಸಿದರು. ಕಾವಲುಗಾರನಿಗೂ ಒಂದು ಎಲೆ ಕೊಟ್ಟರು. ಅವನು ನಿಂತೇ ತಿಂದು, "ಭಾಳ ರುಚಿ ಆಗೇತ್ರಿ, ಯಾರ್ ಮಾಡಿದ್ರು?" ಎಂದ. ಅತ್ತೆ ನನ್ನ ಮೊಣಕೈ ತಿವಿದರು. "ನಮ್ಮಮ್ಮ," ಎಂದೆ. ಹುಡುಗನ ತಾಯಿ ಎರಡು ತುತ್ತು ತಿಂದು ಎಲೆ ಮಡಿಸಿದರು. ಹೊರಡುವಾಗ ಯಾರ ಮುಖವನ್ನೂ ನೋಡಲಿಲ್ಲ. ಬಂದ ಮೊದಲ ಬಸ್ಸನ್ನೇ ಹತ್ತಿಬಿಟ್ಟರು. ಆ ಬಸ್ಸು ಕೆಂಗೇರಿಗೆ ಹೋಗುತ್ತಿತ್ತೋ ಇಲ್ಲವೋ, ನನಗೆ ಈಗಲೂ ಅನುಮಾನ.

"ಈ ಸಂಬಂಧ ಮುಗೀತು," ಎಂದರು ಅತ್ತೆ, ಹಿಂತಿರುಗುವ ಬಸ್ಸಿನಲ್ಲಿ. "ಸೀನು, ಪೊಲೀಸು, ಕಳ್ಳತನ. ಇನ್ನೇನು ಬಾಕಿ?"

"ಪೊಲೀಸಲ್ಲ ಅಕ್ಕ, ವಾಚ್‌ಮನ್ನು," ಎಂದು ಅಪ್ಪ ಮತ್ತೆ ನಗಲು ಶುರುಮಾಡಿದರು.

ಎರಡು ವಾರ ಕಳೆದರೂ ಆ ಕಡೆಯಿಂದ ಸುದ್ದಿಯಿಲ್ಲ. "ತಿಳಿಸ್ತೀವಿ" ಎಂಬ ಮಾತನ್ನೂ ಅವರು ಹೇಳಿರಲಿಲ್ಲ. ನಾವೇ ಫೋನ್ ಮಾಡೋಣವೇ ಎಂದು ಅಪ್ಪ ಕೇಳಿದರೆ, ಹೆಣ್ಣಿನ ಕಡೆಯವರು ಮೇಲೆ ಬಿದ್ದು ಹೋಗುತ್ತಾರೆಯೇ ಎಂದು ಅತ್ತೆ ತಡೆದರು. ಹಿಂದಿನ ಹನ್ನೊಂದು ಜನ ಸುದ್ದಿ ಕೊಡದಿದ್ದಾಗ ನನಗೆ ಉಪ್ಪಿಟ್ಟು ದಂಡವಾಯಿತೆಂಬ ಬೇಸರ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಈ ಸಲ ರಾತ್ರಿ ಊಟ ಸೇರುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಶಾಲೆ ಬಿಟ್ಟ ಮೇಲೆ, ಅಂಗಡಿಯೊಂದರ ಮುಂದಿದ್ದ ಕಾಯಿನ್ ಫೋನಿನಿಂದ ಊದುಬತ್ತಿ ಕಾರ್ಖಾನೆಗೆ ನಾನೇ ಫೋನ್ ಮಾಡಿದೆ. ಯಾರೋ ಅವನನ್ನು ಕೂಗಿ ಕರೆದರು.

"ನಾನು. ತೋಟ," ಎಂದೆ. ಬೇರೆ ಹೇಗೆ ಹೇಳುವುದು ತಿಳಿಯಲಿಲ್ಲ.

"ಗೊತ್ತಾಯ್ತು," ಎಂದ. ದನಿ ತಗ್ಗಿಸಿ, "ನಂಗೆ ಒಪ್ಗೆ ಇದೆ. ಅಮ್ಮಂದೇ ತೊಂದ್ರೆ. ಬೇಡ ಅಂತ ಅಲ್ಲ. ನಿಮ್ಮ ಮುಖ ನೋಡೋಕೆ ಅವ್ರಿಗೆ ನಾಚ್ಕೆ. ಸೊಸೆ ಅಂದ್ರೆ ದಿನಾ ನೋಡ್ಬೇಕಾಗತ್ತಲ್ಲಾ ಅಂತಾರೆ," ಎಂದ.

"ನಾನು ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ ಅಂತ ಹೇಳಿ."

"ಹೇಳ್ದೆ. ನೀವು ನಕ್ಕಿದ್ದನ್ನ ಅವ್ರು ನೋಡಿದಾರೆ."

ಉತ್ತರ ಹುಡುಕುವಷ್ಟರಲ್ಲಿ ಫೋನು ಕುಯ್ಯೆಂದು ಕಟ್ಟಾಯಿತು. ಇನ್ನೊಂದು ನಾಣ್ಯ ನನ್ನ ಬಳಿ ಇತ್ತು. ಹಾಕಲಿಲ್ಲ. ನಕ್ಕಿದ್ದು ನಿಜ, ನಿಜಕ್ಕೆ ಏನೆಂದು ಉತ್ತರ ಹೇಳುವುದು?

ಅದಾದ ಮೂರು ದಿನಕ್ಕೆ, ಪರೀಕ್ಷೆಗಳೆಲ್ಲ ಮುಗಿದು ನಾವು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ, ಆಯಾ ಬಂದು ಯಾರೋ ಹೆಂಗಸು ಕಾಯುತ್ತಿದ್ದಾರೆ ಎಂದಳು. ಯಾರದೋ ತಾಯಿ, ಪಾಸ್ ಮಾಡಿ ಎಂದು ಕೇಳಲು ಬಂದಿರಬೇಕು ಎಂದುಕೊಂಡು ಹೋದೆ. ಗೇಟಿನ ಬಳಿ ಹುಡುಗನ ತಾಯಿ ನಿಂತಿದ್ದರು. ಸಾದಾ ಸೀರೆ. ಚೀಲ ಗೀಲ ಏನೂ ತಂದಿರಲಿಲ್ಲ.

ಎದುರಿನ ದರ್ಶಿನಿಗೆ ಕರೆದುಕೊಂಡು ಹೋದೆ. ನಿಂತೇ ಕಾಫಿ ಕುಡಿಯಬೇಕು ಅಲ್ಲಿ. ಅವರು ಲೋಟ ಹಿಡಿದು, ಬೀದಿಯ ಕಡೆ ನೋಡುತ್ತಾ ಮಾತಾಡಿದರು.

"ಮದ್ವೆಯಾಗಿ ಬಂದಾಗ ಒಂದೇ ರೂಮಿನ ವಠಾರ. ಗಿಡ ಹಾಕೋಕೆ ಒಂದು ಗೇಣು ಮಣ್ಣಿಲ್ಲ. ಈಗ ಎರಡಡಿ ಜಾಗ ಇದೆ. ಕಂಡಿದ್ದೆಲ್ಲ ಬೇಕು ಅನ್ಸತ್ತೆ. ಅವತ್ತು ತೆಗೀಬಾರ್ದಿತ್ತು. ಗೊತ್ತು."

"ಬಿಡಿ ಆಂಟಿ."

"ಬಿಡೋದೇನು? ಎಲ್ಲಾರಿಗಿಂತ ಜಾಸ್ತಿ ನಕ್ಕಿದ್ದು ನೀನು."

"ಅಪ್ಪ ನಂಗಿಂತ ಜಾಸ್ತಿ ನಕ್ರು."

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. "ಮಣ್ಣಿಗೆ ಕೈ ಹಾಕಿದ್ದೂ ನೀನೇ ಕಣೇ," ಎಂದರು. "ನನ್ನ ಮಗ ನೀರು ಹಾಕ್ತಾ ನಿಂತಿದ್ದ, ನೆಂಟರ ಹಾಗೆ. ನಿಮ್ಮತ್ತೆ ದೂರ ನಿಂತು ನಮಗೂ ಇವ್ರಿಗೂ ಸಂಬಂಧ ಇಲ್ಲ ಅನ್ನೋ ಹಾಗೆ ಮುಖ ಮಾಡಿದ್ರು. ನಗ್ತಾ ನಗ್ತಾನೇ ಬಂದು ಪಕ್ಕ ಕೂತ್ಕೊಂಡೆಯಲ್ಲ, ಅದನ್ನೇ ಎರಡು ವಾರದಿಂದ ಯೋಚ್ನೆ ಮಾಡ್ತಾ ಇದೀನಿ." ಕಾಫಿ ಮುಗಿಸಿ ಲೋಟ ಕೆಳಗಿಟ್ಟರು. "ನಂಗೆ ಮಾತ್ ಮಾತಿಗೂ ನಗೋರು ಮನೇಲಿದ್ರೆ ಸಿಟ್ಟು ಬರತ್ತೆ. ಈಗ್ಲೇ ಹೇಳಿರ್ತೀನಿ."

"ನಂಗೆ ನಗು ತಡ್ಯೋಕಾಗಲ್ಲ. ನಾನೂ ಈಗ್ಲೇ ಹೇಳಿರ್ತೀನಿ."

"ಸರಿ ಹಾಗಾದ್ರೆ," ಎಂದರು ಅವರು, ತರಕಾರಿಯವನ ಹತ್ತಿರ ಚೌಕಾಸಿ ಮುಗಿದವರ ಹಾಗೆ. ಹೆಣ್ಣು ಒಪ್ಪಿಗೆಯಾದದ್ದು, ಗಂಡು ಒಪ್ಪಿಗೆಯಾದದ್ದು ಎಲ್ಲ ಅಷ್ಟೇ. ನಾನು ಮರಳಿ ಹೋಗಿ ಎಂಟನೆಯ ಕ್ಲಾಸಿನ ಉಳಿದ ಪತ್ರಿಕೆಗಳನ್ನು ತಿದ್ದಿದೆ. ಆ ಮಧ್ಯಾಹ್ನ ನನ್ನ ಕೈಯಲ್ಲಿ ಯಾರೂ ಫೇಲಾಗಲಿಲ್ಲ.

ಆಷಾಢ ಬರುವ ಮುಂಚೆ ವಿಜಯನಗರದ ಒಂದು ಛತ್ರದಲ್ಲಿ ಮದುವೆಯಾಯಿತು. ಅತ್ತೆ ಮೂರು ದಿನ ಮೊದಲೇ ಬಂದು ಎಲ್ಲರಿಗೂ ಅಪ್ಪಣೆ ಕೊಡುತ್ತಾ ಓಡಾಡಿದರು. ಊಟದ ಪಂಕ್ತಿಯಲ್ಲಿ ಅವರು ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು: ಈಗಿನ ಕಾಲದ ಹುಡುಗರಲ್ಲವೇ, ಅದಕ್ಕೇ ತಾವೇ ಯೋಚನೆ ಮಾಡಿ ತೋಟಕ್ಕೆ ಕರೆದುಕೊಂಡು ಹೋದರಂತೆ, ಒಳ್ಳೆಯ ಗಳಿಗೆಯಲ್ಲಿ ಮಾತು ಶುರುವಾಯಿತಂತೆ, ಅರ್ಧ ಗಂಟೆಯಲ್ಲಿ ಎಲ್ಲ ಇತ್ಯರ್ಥವಾಯಿತಂತೆ. ಕೇಳುತ್ತಿದ್ದ ಹೆಂಗಸು ತಮ್ಮ ಮಗಳಿಗೂ ಹಾಗೇ ಮಾಡಬೇಕು ಎಂದು ತೋಟದ ಹೆಸರು, ಬಸ್ಸಿನ ನಂಬರು ಕೇಳಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಅಪ್ಪ ಹೋಳಿಗೆ ಬಾಯಿಗಿಟ್ಟುಕೊಂಡು ನಗು ನುಂಗಲು ಹೋಗಿ ಕೆಮ್ಮು ಹತ್ತಿಸಿಕೊಂಡರು, ಯಾರೋ ಬೆನ್ನು ತಟ್ಟಿ ನೀರು ಕೊಡಬೇಕಾಯಿತು.